ಏಳನೆಯ ಗೀರು

ಜೂನ್ 14
ಆರೋಗ್ಯಧಾಮ, ಎರಡನೇ ವಾರ್ಡು

ಮುಳ್ಳು,

ಬಂದು ತಲುಪಿದೆ. ಬಸ್ಸು ಗುಡ್ಡ ಹತ್ತುವಷ್ಟರಲ್ಲಿ ನನ್ನ ಉಸಿರು ಕೆಳಗಿನ ನಿಲ್ದಾಣದಲ್ಲೇ ಇಳಿದುಕೊಂಡಿತ್ತು. ಇಲ್ಲಿ ಇಪ್ಪತ್ತೆರಡು ಮಂಚ, ಇಪ್ಪತ್ತೆರಡು ಥರದ ಕೆಮ್ಮು. ಪಕ್ಕದ ಮಂಚದವರು ರೈಲು ಓಡಿಸುತ್ತಿದ್ದವರು. ಒಂದೊಂದು ಮಾತು ಮುಗಿದಾಗಲೂ ಅವರ ಎದೆಯಿಂದ ಒಂದು ಸೀಟಿ ಬರುತ್ತದೆ. "ಹಸಿರು ಬಾವುಟ ತೋರಿಸಿ ತಾಯಿ, ಹೊರಡ್ತೀನಿ" ಅಂತ ಡಾಕ್ಟರಮ್ಮನನ್ನು ದಿನಾ ಪೀಡಿಸುತ್ತಾರೆ. ನನಗೆ ಆಕೆ ನಾಲ್ಕು ತಿಂಗಳು ಹೇಳಿದ್ದಾಳೆ.

ಫೋನು ಕಚೇರಿಯಲ್ಲಿದೆ. ಸರತಿಯಲ್ಲಿ ನಿಂತು, ಪಕ್ಕದ ಸೈಕಲ್ ಅಂಗಡಿಯವನ ಫೋನಿಗೆ ನಿನ್ನನ್ನು ಕರೆಸಿ, ನಿನ್ನ ಕಿವಿಗೆ ಕೆಮ್ಮಿ ಬರುವುದಕ್ಕಿಂತ ಕಾಗದ ವಾಸಿ.

ನೀನು ಶಾಲೆ ಬಿಟ್ಟು ವರ್ಷವಾಯಿತು, ಚಪ್ಪಲಿ ಅಂಗಡಿ ಬಿಟ್ಟು ತಿಂಗಳಾಯಿತು. ಕೈ ಖಾಲಿ ಇದ್ದರೆ ನಿನ್ನ ಅಮ್ಮನ ತಲೆ ತಿನ್ನುತ್ತೀಯ. ಅದಕ್ಕೇ ಕೆಲಸ ಹೇಳುತ್ತೇನೆ. ವಾರಕ್ಕೊಮ್ಮೆ ಅಂಗಡಿಯ ಬಾಗಿಲು ತೆಗೆದು ಗಾಳಿಯಾಡಿಸು. ರಿಪೇರಿಗೆ ಬಂದ ಮೂರು ತಕ್ಕಡಿ ಮೇಜಿನ ಮೇಲಿವೆ. ತಟ್ಟೆಗಳನ್ನು ಒಣಬಟ್ಟೆಯಲ್ಲಿ ಒರೆಸಿಡು. ತಕ್ಕಡಿಗಳನ್ನು ತೂಗುಹಾಕುವ ದೊಡ್ಡ ಹಲಗೆ ಇದೆಯಲ್ಲ, ಹಿಂದಿನ ಗೋಡೆಯದು, ಅದನ್ನು ಮಾತ್ರ ಮುಟ್ಟಬೇಡ. ಮೊಳೆ ಸಡಿಲ. ತಲೆ ಮೇಲೆ ಬಿದ್ದೀತು.

ಸೋಮವಾರ ಬೆಳಿಗ್ಗೆ ತೂಗುಗುಂಡು ನೋಡುವುದನ್ನು ಮರೆಯಬೇಡ. ನಾನು ನೋಡುತ್ತಿದ್ದ ಹಾಗೇ. ಸೂರಿನ ಕೊಕ್ಕೆಯಿಂದ ಇಳಿದ ದಾರ, ಅದರ ತುದಿಗೆ ಹಿತ್ತಾಳೆ ಗುಂಡು, ಅದರ ಮೂತಿಯ ಕೆಳಗೆ ಕಲ್ಲುಚಪ್ಪಡಿಯಲ್ಲಿ ನಾನು ಕೊರೆದ ಗೀರುಗಳು. ಈಗ ಮೂತಿ ಏಳನೆಯ ಗೀರಿನ ಮೇಲಿದೆ. ಎಲ್ಲಿದೆ ಅಂತ ಪ್ರತಿ ಕಾಗದದಲ್ಲೂ ಬರಿ. ನಿನಗೆ ಹೇಳಿದ್ದೇನಲ್ಲ, ದಾರ ಹಳೆಯದಾದಂತೆ ಜಗ್ಗುತ್ತದೆ, ಗುಂಡು ಪಕ್ಕಕ್ಕೆ ಸರಿಯುತ್ತದೆ. ಅಷ್ಟೇ. ಆದರೂ ತಕ್ಕಡಿಯವನಿಗೆ ಅದು ಗೊತ್ತಿರಬೇಕು.

ದಣಿದಿದ್ದೇನೆ. ನಿನ್ನ ಅಮ್ಮನಿಗೆ ಈ ಸಾಲು ಓದಿ ಹೇಳಬೇಡ.

ತಾತ


ಜೂನ್ 20

ತಾತ,

'ಇಲ್ಲಿ ಎಲ್ಲರೂ ಕ್ಷೇಮ' ಅಂತ ಶುರುಮಾಡು ಅಂದಳು ಅಮ್ಮ. ಎಲ್ಲರೂ ಕ್ಷೇಮ ಇಲ್ಲ. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆದೂ ಒಗೆದೂ ಸೊಂಟ ಹಿಡಿದಿದೆ. ನನಗೆ ಬೇಜಾರು ಹಿಡಿದಿದೆ. "ಅದನ್ನೇ ಬರೆದು ಸಾಯಿ" ಅಂದಳು. ಬರೆದಿದ್ದೇನೆ.

ಚಪ್ಪಲಿ ಅಂಗಡಿ ನಾನು ಬಿಟ್ಟದ್ದಲ್ಲ, ಅವರು ಬಿಡಿಸಿದ್ದು. ಬಿಗಿಯಾದ ಚಪ್ಪಲಿಗೆ "ಎರಡು ದಿನ ಹಾಕ್ಕೊಳ್ಳಿ, ಸಡಿಲ ಆಗುತ್ತೆ" ಅನ್ನಬೇಕಂತೆ. "ಆಗಲ್ಲ, ಕಾಲು ಕಚ್ಚುತ್ತೆ" ಅಂದೆ. ಶಾಲೆಯದ್ದು ನಿನಗೆ ಗೊತ್ತೇ ಇದೆ. ನಾನು ಒಡೆಯದ ಗಾಜಿಗೆ ನಾನು ಕ್ಷಮೆ ಬರೆದು ಸಹಿ ಹಾಕಬೇಕಿತ್ತು. ಆವತ್ತು ಎಲ್ಲರೂ ಬೈದರು. ನೀನೊಬ್ಬನೇ "ತಕ್ಕಡಿಯ ಮುಳ್ಳಿನ ಹಾಗಿದ್ದಾಳೆ, ಬಿಡಿ" ಅಂದೆ. ಈಗ ಬೀದಿಯಲ್ಲೆಲ್ಲ ಅದೇ ಹೆಸರು.

ರದ್ದಿ ಕಾಗದದವನು ಬಂದಿದ್ದ. "ನಿಮ್ಮ ತಾತ ಇಲ್ಲದೆ ನನ್ನ ತಕ್ಕಡಿ ನನ್ನ ಕಡೆಗೇ ವಾಲ್ತಿದೆ. ನಿಧಾನಕ್ಕೆ ವಾಸಿ ಮಾಡ್ಕೊಂಡು ಬರಲಿ ಬಿಡಮ್ಮ, ಅವಸರ ಇಲ್ಲ" ಅಂದ.

ಗುಂಡು ಏಳರ ಮೇಲಿದೆ. ನೆಲಕ್ಕೆ ಕೆನ್ನೆ ಇಟ್ಟು ನೋಡಿದೆ.

ಹಲಗೆ ಮುಟ್ಟಬೇಡ ಅಂದೆ. ಅದರ ಹಿಂದೆ ಎಷ್ಟು ಧೂಳಿದೆ ಗೊತ್ತಾ? ಮೊಳೆ ಸಡಿಲ ಇದ್ದರೆ ಬಿಗಿ ಮಾಡಬೇಕೇ ಹೊರತು ಹಾಗೇ ಬಿಡೋದಲ್ಲ. ನಾಳೆ ಬಿಚ್ಚುತ್ತೇನೆ.

ಮುಳ್ಳು


ಜೂನ್ 25
(ಕಾರ್ಡು)

ಹಲಗೆ ಮುಟ್ಟಬೇಡ ಅಂದೆನಲ್ಲ. ಮುಟ್ಟಬೇಡ.

ತಾತ


ಜುಲೈ 12
(ಅಂಚೆಗೆ ಹಾಕದ್ದು)

ತಾತ,

ಮನೆ ಇಲ್ಲ.

ಇದನ್ನು ನಿನಗೆ ಕಳಿಸುವಂತಿಲ್ಲ. ಕಳಿಸದಿದ್ದರೂ ಎಲ್ಲಾದರೂ ಒಂದು ಕಡೆ ನಿಜ ಬರೆದಿರಬೇಕು, ಇಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತೇನೆ.

ನಿನ್ನ ಕಾರ್ಡು ಬರುವ ಮೊದಲೇ ಹಲಗೆ ಬಿಚ್ಚಿದ್ದೆ. ಅದರ ಹಿಂದೆ ಗೋಡೆ ಗೋಡೆಯ ಬಣ್ಣದ್ದಾಗಿರಲಿಲ್ಲ. ಕಾಗದ ಒತ್ತಿ, ಮೇಲೆ ಸುಣ್ಣ ಮೆತ್ತಿದ್ದರು. ಬೆರಳು ಊರಿದೆ, ಕೈ ಮೊಣಕೈವರೆಗೆ ಒಳಗೆ ಹೋಯಿತು. ಕಾಗದ ಕಿತ್ತರೆ ಆಚೆ ಸೈಕಲ್ ಅಂಗಡಿಯ ಬೆಳಕು ಕಾಣಿಸಿತು. ಬಿರುಕು ನೆಲದಿಂದ ಸೂರಿನವರೆಗೂ ಇತ್ತು. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ಮುಚ್ಚಿದ್ದನೋ ಅಂದುಕೊಂಡೆ.

ಅಮ್ಮ ಅಂದಳು, "ಅಪ್ಪ ಬರಲಿ, ನೋಡೋಣ." ನಾನು ಕಾಯಲಿಲ್ಲ. ಮಾರನೇ ದಿನ ನಗರಸಭೆಗೆ ಹೋಗಿ ಹೇಳಿದೆ. ಇಂಜಿನಿಯರು ಬಂದರು, ಬಿರುಕಿಗೆ ಕೈ ಹಾಕಿದರು, ಹೊರಗೆ ಬಂದು ಕಟ್ಟಡವನ್ನು ತುಂಬ ಹೊತ್ತು ನೋಡಿದರು. ಹತ್ತು ದಿನದಲ್ಲಿ ಎಲ್ಲ ಖಾಲಿ ಮಾಡಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದರು. ಸೈಕಲ್ ಅಂಗಡಿಯವನು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದ, "ನಿನ್ನ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವೇನಮ್ಮ?" ಅವನ ಅಂಗಡಿಯೂ ಅದೇ ಗೋಡೆಗೆ ಅಂಟಿಕೊಂಡಿತ್ತಲ್ಲ.

ಜುಲೈ ಎಂಟಕ್ಕೆ ಕೆಡವಿದರು. ಬೆಳಿಗ್ಗೆ ಶುರು ಮಾಡಿದವರು ಊಟದ ಹೊತ್ತಿಗೆ ಮುಗಿಸಿದರು. ಮಧ್ಯೆ ಅರ್ಧ ಗಂಟೆ ನಮ್ಮ ಮೆಟ್ಟಿಲು ಮಾತ್ರ ನಿಂತಿತ್ತು. ಕೆಳಗೆ ಅಂಗಡಿ ಇಲ್ಲ, ಮೇಲೆ ಮನೆ ಇಲ್ಲ, ನಡುವೆ ಹದಿನಾಲ್ಕು ಮೆಟ್ಟಿಲು. ನಾನು ನೋಡುತ್ತ ನಿಂತಿದ್ದೆ. ಅಮ್ಮ ಬೆನ್ನು ತಿರುಗಿಸಿ ನಿಂತಿದ್ದಳು.

ಅಮ್ಮ ನಿನ್ನ ಡಾಕ್ಟರಮ್ಮನಿಗೆ ಫೋನು ಮಾಡಿದ್ದಳು. "ಅವರು ಮನೆಗೆ ಹೋಗೋ ಆಸೇಲೇ ಉಸಿರು ಎಳೀತಿದ್ದಾರೆ. ಈಗ ಹೇಳಬೇಡಿ" ಅಂದರಂತೆ. ನಾನು ಒಪ್ಪಲಿಲ್ಲ. ಅಮ್ಮ ನನ್ನ ಎರಡೂ ಭುಜ ಹಿಡಿದು ಹೇಳಿದಳು, "ಕೆಡವಿಸಿದ್ದಾಯ್ತು. ಇನ್ನು ನಿಜ ಹೇಳಿ ಅವರನ್ನೂ ಕೆಡವು. ನಿನ್ನ ನಿಜಕ್ಕೆ ಯಾರಾದರೂ ಬಂದು ಹಾರ ಹಾಕ್ತಾರೆ." ಆಮೇಲೆ ಅವಳೇ ಅತ್ತಳು.

ಒಂದು ನಿಯಮ ಮಾಡಿಕೊಂಡಿದ್ದೇನೆ. ಆಗದ್ದನ್ನು ನಿನಗೆ ಬರೆಯುವುದಿಲ್ಲ. ಆ ಮನೆಯಲ್ಲಿ ನಿಜವಾಗಿ ಆದದ್ದನ್ನೇ ಬರೆಯುತ್ತೇನೆ. ಯಾವಾಗ ಆದದ್ದು ಅಂತ ಮಾತ್ರ ಹೇಳುವುದಿಲ್ಲ. ಕಣ್ಣು ಮುಚ್ಚಿದರೆ ಇಡೀ ಮನೆ ಬಾಯಿಪಾಠ ಬರುತ್ತದೆ, ಕಷ್ಟವಿಲ್ಲ. ಕಷ್ಟವಿಲ್ಲ ಅನ್ನುವುದೇ ಕಷ್ಟವಾಗುತ್ತಿದೆ.


ಜುಲೈ 13

ತಾತ,

ಅಡಿಗೆಮನೆ ಕಿಟಕಿಯ ಬಿಸಿಲು ಬೆಳಿಗ್ಗೆ ಮೊದಲು ನೀರಿನ ಕೊಡದ ಮೇಲೆ ಬೀಳುತ್ತದೆ, ಆಮೇಲೆ ಗೋಡೆ ಹತ್ತುತ್ತದೆ, ಅಮ್ಮ ಕೆಲಸಕ್ಕೆ ಹೊರಡುವ ಹೊತ್ತಿಗೆ ಗಡಿಯಾರ ಮುಟ್ಟುತ್ತದೆ. ಅವಳು ಗಡಿಯಾರ ನೋಡುವುದಿಲ್ಲ, ಬಿಸಿಲು ನೋಡಿ "ಅಯ್ಯೋ ಹೊತ್ತಾಯ್ತು" ಅಂತ ಓಡುತ್ತಾಳೆ. ನಾಲ್ಕನೇ ಮೆಟ್ಟಿಲ ಮೇಲೆ ಕಾಲಿಟ್ಟಾಗ ಅದು ಕೀರ್ ಅಂತ ದೂರು ಹೇಳುತ್ತದೆ.

ಚಿನ್ನದಂಗಡಿಯವನು ತನ್ನ ಪುಟ್ಟ ತಕ್ಕಡಿಯ ಗಾಜಿನ ಪೆಟ್ಟಿಗೆಯನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ. ಬಾಗಿಲು ನೆಲಕ್ಕೆ ಕಚ್ಚಿಕೊಂಡಿತು. ಭುಜ ಕೊಟ್ಟು ತಳ್ಳಿದ. "ನಿಮ್ಮ ಬಾಗಿಲನ್ನೂ ಒಂದು ಸಲ ರಿಪೇರಿ ಮಾಡಿಸಿ" ಅಂದ.

ಗುಂಡು ಏಳನೆಯ ಗೀರು ದಾಟಿಲ್ಲ.

ಮುಳ್ಳು

(ಇಲ್ಲಿ ಎಲ್ಲರೂ ಕ್ಷೇಮ. ಹಿಂದಿನ ಸಾಲು ಅಮ್ಮನ ಕೈಬರಹ, ನೋಡಿದರೇ ಗೊತ್ತಾಗುತ್ತೆ.)


ಜುಲೈ 25

ಮುಳ್ಳು,

ನಿನ್ನ ಕಾಗದ ಹನ್ನೊಂದು ಸಲ ಓದಿದೆ. ಹನ್ನೆರಡನೇ ಸಲ ಪಕ್ಕದ ಮಂಚದವರು ಕಿತ್ತುಕೊಂಡು ಗಟ್ಟಿಯಾಗಿ ಓದಿದರು. ನೀರಿನ ಕೊಡದ ಮೇಲೆ ಬೀಳುವ ಬಿಸಿಲಿಗೆ ಇಡೀ ವಾರ್ಡು ಕೆಮ್ಮುವುದನ್ನು ಮರೆತುಬಿಟ್ಟಿತು.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಇಲ್ಲಿ ಎಲ್ಲರೂ ಅಲುಗಾಡದೆ ಮಲಗಬೇಕು. ಉಸಿರು ಎಣಿಸಿ ಎಂದಿದ್ದಾಳೆ ಡಾಕ್ಟರಮ್ಮ. ನಾನು ಉಸಿರು ಎಣಿಸುವುದಿಲ್ಲ, ಮೆಟ್ಟಿಲು ಎಣಿಸುತ್ತೇನೆ. ಕಣ್ಣು ಮುಚ್ಚಿ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತೇನೆ. ಬಲಗೈ ಗೋಡೆಗೆ, ಎಡಗೈ ಕಂಬಿಗೆ. ಮೊದಮೊದಲು ಆರನೇ ಮೆಟ್ಟಿಲಿಗೇ ಉಸಿರು ಮುಗಿಯುತ್ತಿತ್ತು, ಅಲ್ಲೇ ಕೂರುತ್ತಿದ್ದೆ. ನಿನ್ನೆ ಹದಿನಾಲ್ಕನ್ನೂ ಹತ್ತಿ ಮನೆಯೊಳಗೆ ಹೋದೆ. ನಿನ್ನ ಅಜ್ಜಿ ಇದ್ದಿದ್ದರೆ "ಇಷ್ಟು ಬೇಗ ಬಂದ್ರಾ" ಅನ್ನುತ್ತಿದ್ದಳು.

ರೈಲಿನವರಿಗೂ ನಮ್ಮ ಮೆಟ್ಟಿಲು ಕಲಿಸಿದ್ದೇನೆ. "ನಿಮ್ಮ ನಾಲ್ಕನೇದು ಕೀರ್ ಅನ್ನುತ್ತೆ ಅಂದ್ರಲ್ಲ, ಅಲ್ಲಿ ನಿಂತು ನಾನೂ ಒಂದು ಸೀಟಿ ಹಾಕ್ತೀನಿ" ಅಂತಾರೆ.

ಹಲಗೆ ಏನು ಮಾಡಿದೆ? ಅದನ್ನು ನೀನು ಬರೆಯಲಿಲ್ಲ.

ಗುಂಡು ದಾಟಿಲ್ಲ ಅಂತ ಓದಿ ನೆಮ್ಮದಿಯಾಯಿತು. ಇನ್ನೊಮ್ಮೆ ನೋಡು.

ತಾತ


ಆಗಸ್ಟ್ 9

ತಾತ,

ಹಲಗೆಯ ಚಿಂತೆ ಬಿಡು. ಈಗ ಅದು ಅಲ್ಲಾಡುವುದಿಲ್ಲ, ಯಾರ ತಲೆಯ ಮೇಲೂ ಬೀಳುವುದಿಲ್ಲ.

ನಾನೂ ಅಮ್ಮನ ಜೊತೆ ಆಸ್ಪತ್ರೆಯ ಬಟ್ಟೆ ಕೆಲಸಕ್ಕೆ ಸೇರಿದೆ. ಒಗೆಯುವುದಲ್ಲ, ಮಡಿಸುವುದು. ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ. ಅಲ್ಲಿ ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ, ಬಟ್ಟೆ ಮಾತಾಡುವುದಿಲ್ಲ.

ನಿನ್ನ ಕುರ್ಚಿಯಲ್ಲಿ ಬೆಕ್ಕು ಮಲಗಿ ಎದ್ದು ಹೋಯಿತು. ಕೂದಲು ಬಿಟ್ಟಿತ್ತು. ಒರೆಸಿದೆ.

ಗುಂಡು ಏಳನೆಯ ಗೀರು ದಾಟಿಲ್ಲ.

ಮುಳ್ಳು


ಆಗಸ್ಟ್ 10
(ಅಂಚೆಗೆ ಹಾಕದ್ದು)

ತಾತ,

ನಿನ್ನೆಯ ಕಾಗದದಲ್ಲಿ ಒಂದೂ ಸುಳ್ಳಿಲ್ಲ. ಹಲಗೆ ಅಲ್ಲಾಡುವುದಿಲ್ಲ, ಯಾಕೆಂದರೆ ಹೊಸ ಕೋಣೆಯ ನೆಲ ತಣ್ಣಗಿದೆ ಅಂತ ಅಮ್ಮ ಅದರ ಮೇಲೆ ಹಾಸಿಗೆ ಹಾಸಿ ಮಲಗುತ್ತಾಳೆ. ಬೆಕ್ಕು ಮಲಗಿದ್ದು ಹೋದ ವರ್ಷ. ಗುಂಡು ಏಳನೆಯ ಗೀರು ದಾಟಿಲ್ಲ, ಯಾಕೆಂದರೆ ಅದು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿದೆ. ಇನ್ನೆಲ್ಲಿ ದಾಟೀತು?

ಹೆಡ್‌ಮಾಸ್ತರ ಮುಂದೆ ಒಂದು ಸಹಿ ಹಾಕದೆ ಶಾಲೆ ಬಿಟ್ಟವಳು ನಾನು. ಈಗ ಒಂದೊಂದು ಸಾಲನ್ನೂ ತೂಗಿ ತೂಗಿ, ನಿಜದ ಕಡೆಗೆ ಕೂದಲೆಳೆ ವಾಲುವ ಹಾಗೆ ಬರೆಯುತ್ತಿದ್ದೇನೆ. ಬರಿ ಸುಳ್ಳು ಹೇಳುವವರಿಗೆ ಇಷ್ಟು ಆಯಾಸ ಆಗಲಿಕ್ಕಿಲ್ಲ.

ಈ ಕೋಣೆ ಮೂರನೇ ಮಹಡಿಯಲ್ಲಿದೆ, ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಹಿಂದೆ. ಪೇಟೆಯ ಇನ್ನೊಂದು ತುದಿ. ನಿನ್ನ ಕಾಗದ ಹೇಗೆ ಬರುತ್ತದೆ ಗೊತ್ತಾ? ನಮ್ಮ ಬೀದಿಯ ಅಂಚೆಯಣ್ಣ ಅದನ್ನು ಇಟ್ಟುಕೊಂಡು ಆಸ್ಪತ್ರೆಗೆ ಬಂದಾಗ ಅಮ್ಮನ ಕೈಗೆ ಕೊಡುತ್ತಾನೆ. ನಾನು ಬರೆದದ್ದಕ್ಕೆ ಹಳೇ ಅಂಚೆ ಕಚೇರಿಯ ಮುದ್ರೆಯೇ ಬೀಳಬೇಕಲ್ಲ, ಅದಕ್ಕೆ ಎರಡು ಬಸ್ಸು ಹಿಡಿದು ನಮ್ಮ ಬೀದಿಯ ಡಬ್ಬಿಗೇ ಹೋಗಿ ಹಾಕಿ ಬರುತ್ತೇನೆ. ಮನೆಯಿದ್ದ ಜಾಗದಲ್ಲಿ ಯಾರೋ ಬಟ್ಟೆ ಒಣಹಾಕಿದ್ದಾರೆ.

ನಿನ್ನ ಮೇಜನ್ನು ಇಲ್ಲಿಗೆ ತಂದಿದ್ದೇವೆ. ಸಮ ನಿಲ್ಲುತ್ತಿಲ್ಲ. ಪೆನ್ಸಿಲ್ ಇಟ್ಟರೆ ಬಲಗಡೆಗೆ ಉರುಳಿ ಬೀಳುತ್ತದೆ. ನೆಲ ಓರೆ ಇದೆ ಅಂತ ಮನೆ ಮಾಲೀಕರ ಹತ್ತಿರ ಜಗಳಕ್ಕೆ ಹೋದೆ. ಅವರು ಬಂದು ನೆಲದ ಮೇಲೆ ಒಂದು ಲೋಟ ನೀರು ಚೆಲ್ಲಿದರು. ನೀರು ಎಲ್ಲೂ ಹರಿಯದೆ ಚೆಲ್ಲಿದಲ್ಲೇ ನಿಂತಿತು. "ನೆಲ ಸರಿಯಾಗಿದೆ. ನಿಮ್ಮ ಮೇಜೇ ಸರಿಯಿಲ್ಲ" ಅಂದರು. ನಿನ್ನ ಮೇಜಿಗೆ ಹಾಗಂದರಲ್ಲ ಅಂತ ಮೈ ಉರಿಯಿತು.


ಸೆಪ್ಟೆಂಬರ್ 2

ಮುಳ್ಳು,

ಅಕ್ಟೋಬರ್ ಇಪ್ಪತ್ತಕ್ಕೆ ಬಿಡುತ್ತೇನೆ ಎಂದಿದ್ದಾಳೆ ಡಾಕ್ಟರಮ್ಮ. ಪಕ್ಕದ ಮಂಚದವರಿಗೆ ಅಸೂಯೆ.

ಕೇಳಿದ್ದಕ್ಕೆ ಮಾತ್ರ ಉತ್ತರ ಬರಿ. ಅಂಗಡಿಯ ಬಾಗಿಲು ಈಗ ಎಷ್ಟು ಕಚ್ಚುತ್ತದೆ? ಅಡಿಗೆಮನೆ ಕಿಟಕಿಯ ಚಿಲಕ ಕೂರುತ್ತಿದೆಯಾ? ಮೇಜಿನ ಮೇಲೆ ಪೆನ್ಸಿಲ್ ಇಟ್ಟರೆ ಉರುಳುತ್ತದೆಯಾ? ಗುಂಡು ಎಲ್ಲಿದೆ? ಬೆಕ್ಕಿನ ಸುದ್ದಿ ಬೇಡ.

ತಾತ


ಸೆಪ್ಟೆಂಬರ್ 10

ತಾತ,

ಬೆಕ್ಕಿನ ಸುದ್ದಿ ಬೇಡ ಅಂದೆ, ಬರೆಯುವುದಿಲ್ಲ. ನಿನಗೆ ಮನೆಯ ನೆನಪು ಬಹಳ ಆಗುತ್ತಿದೆ ಅಂದಳು ಅಮ್ಮ. ಊರಿಗೆ ಹೋಗಿ ಬಂದವರ ಹತ್ತಿರ ನೆಂಟರ ಯೋಗಕ್ಷೇಮ ಕೇಳುವ ಹಾಗೆ ಚಿಲಕದ್ದು ಕೇಳಿದ್ದೀಯ.

ಬಾಗಿಲು ಈಗ ಕಚ್ಚುವುದಿಲ್ಲ. ಕಿಟಕಿಯಿಂದ ಏನೂ ತೊಂದರೆಯಿಲ್ಲ. ಪೆನ್ಸಿಲ್ ಉರುಳುತ್ತದೆ, ಬಲಗಡೆಗೆ. ಇವತ್ತು ಬೆಳಿಗ್ಗೆಯೂ ಉರುಳಿತು.

ಗುಂಡು ಏಳನೆಯ ಗೀರು ದಾಟಿಲ್ಲ.

ಮುಳ್ಳು


ಸೆಪ್ಟೆಂಬರ್ 17
(ತುರ್ತು ಅಂಚೆ)

ಮುಳ್ಳು,

ಇದನ್ನು ನಿಂತುಕೊಂಡೇ ಓದು. ಓದಿ ಮುಗಿಸಿದ ಕೂಡಲೇ ಅಮ್ಮನನ್ನು ಕರೆದುಕೊಂಡು ಮನೆಯಿಂದ ಹೊರಗೆ ಹೋಗು. ಏನನ್ನೂ ತೆಗೆದುಕೊಳ್ಳಬೇಡ. ಸೈಕಲ್ ಅಂಗಡಿಯವನನ್ನೂ ಎಬ್ಬಿಸು. ಅವನ ಫೋನಿಗೆ ಕಚೇರಿಯಿಂದ ಮೂರು ದಿನ ಮಾಡಿಸಿದೆ, ಹೋಗುತ್ತಲೇ ಇಲ್ಲ.

ಮೊದಲು ನೀನು ಗುಂಡು ನೋಡದೆಯೇ ಬರೆಯುತ್ತಿದ್ದೀಯ ಅಂದುಕೊಂಡೆ. ಅದು ಇಷ್ಟು ಹೊತ್ತಿಗೆ ಒಂಬತ್ತು ದಾಟಿರಬೇಕು. ನಿನ್ನ ಮೇಲೆ ಸಿಟ್ಟು ಬಂತು. ಮುಳ್ಳೂ ಸೋಮಾರಿಯಾಯಿತೇ ಅಂತ. ಆಮೇಲೆ ಪೆನ್ಸಿಲ್ ಬಲಕ್ಕೆ ಉರುಳುತ್ತದೆ ಅಂತ ಓದಿದೆ. ನಮ್ಮ ಮನೆ ಎಡಕ್ಕೆ ವಾಲುವ ಮನೆ. ಸೂರು ಒಂದು ಕಡೆ, ನೆಲ ಇನ್ನೊಂದು ಕಡೆ ಹೊರಟಿದ್ದರೆ ಮಾತ್ರ ಹಾಗಾಗುತ್ತದೆ. ಅಂದರೆ ಅದು ಬೀಳಲು ಹೊರಟಿದೆ.

ನನಗೆ ಮೂರು ವರ್ಷದಿಂದ ಗೊತ್ತು. ಗೋಡೆ ಬಿರಿದ ದಿನವೇ ಗೊತ್ತು. ಕಾಗದ ತುರುಕಿ, ಸುಣ್ಣ ಮೆತ್ತಿ, ಹಲಗೆ ಹೊಡೆದವನು ನಾನೇ. ಬಾಗಿಲು ಕಚ್ಚಿದಾಗಲೆಲ್ಲ ನೀವಿಲ್ಲದ ಹೊತ್ತು ನೋಡಿ ತಳ ಹೆರೆದೆ. ಮರ ಹಿಗ್ಗಿದೆ ಅಂದೆ. ಮೇಜಿನ ಮೇಲೆ ಗೋಲಿ ಉರುಳದಿರಲಿ ಅಂತ ಎಡಗಾಲುಗಳ ಕೆಳಗೆ ತಗಡಿನ ಚೂರು ಕೊಟ್ಟೆ, ಒಂದಾದ ಮೇಲೆ ಒಂದು. ಹೆಸರಾಂತ ತಕ್ಕಡಿಯವನು, ನನ್ನ ಮೇಜು ಓರೆಯಾಗಿದ್ದರೆ ಯಾರು ಬಂದಾರು? ಗುಂಡು ಕಟ್ಟಿದ್ದು ತಕ್ಕಡಿಗಲ್ಲ. ಮನೆ ಎಷ್ಟು ವಾಲಿದೆ ಅಂತ ನೋಡಲು.

ದಾರ ಜಗ್ಗಿದರೆ ಗುಂಡು ಕೆಳಕ್ಕೆ ಇಳಿಯುತ್ತದೆ ಕಣೇ, ಪಕ್ಕಕ್ಕೆ ಹೇಗೆ ಸರಿಯುತ್ತದೆ? ಹೆಡ್‌ಮಾಸ್ತರ ಹತ್ತಿರ ವಾದಿಸಿದವಳು ನೀನು. ನನ್ನನ್ನು ಒಂದು ಸಲವೂ ಕೇಳಲಿಲ್ಲ. ತಾತ ಹೇಳಿದ ಅಂತ ನಂಬಿದೆ. ಹೊರಗಿನವರು ಯಾರಾದರೂ ಒಂದು ದಿನ ಮನೆಯೊಳಗೆ ಬಂದು ಉಳಿದಿದ್ದರೆ ಓರೆ ಕಾಣುತ್ತಿತ್ತು. ನೀವು ಅಲ್ಲೇ ಇದ್ದವರು. ನಿಮಗೆ ಮನೆ ಎಷ್ಟು ಗೊತ್ತಿತ್ತು ಅಂದರೆ ಅದನ್ನು ನೋಡುವುದನ್ನೇ ಬಿಟ್ಟಿದ್ದಿರಿ. ಅದೇ ನನಗೆ ಅನುಕೂಲವಾಯಿತು.

ಯಾಕೆ ಅಂತ ಕೇಳುತ್ತೀಯ. ಹೇಳಿದರೆ ಮನೆ ಹೋಗುತ್ತಿತ್ತು. ಆ ಮೆಟ್ಟಿಲಲ್ಲಿ ನಿನ್ನ ಅಜ್ಜಿ ಕೂತು ಕಾಳು ಆರಿಸುತ್ತಿದ್ದಳು. ಗುಂಡು ಏಳಕ್ಕೆ ಬರಲಿ ಹೇಳೋಣ ಅಂದುಕೊಂಡೆ. ಏಳಕ್ಕೆ ಬಂತು, ಎಂಟಕ್ಕೆ ಬರಲಿ ಅಂದುಕೊಂಡೆ. ಆಮೇಲೆ ಉಸಿರು ಕೈಕೊಟ್ಟಿತು. ನಿಮ್ಮಿಬ್ಬರನ್ನು ಅದರೊಳಗೆ ಬಿಟ್ಟು, ಗೀರು ನೋಡು ಅಂತ ಹೇಳಿ ಬಸ್ಸು ಹತ್ತಿದೆ.

ಬೈಯುವುದಾದರೆ ಆಮೇಲೆ ಬೈಯಿ. ಮೊದಲು ಹೊರಗೆ ಹೋಗು.

ತಾತ


ಸೆಪ್ಟೆಂಬರ್ 22
(ಕಟ್ಟಿನ ಜೊತೆ)

ತಾತ,

ನಾವು ಹೊರಗೇ ಇದ್ದೇವೆ. ಜುಲೈ ಎಂಟರಿಂದ.

ಅಮ್ಮ ಬೇಡ ಅನ್ನಲಿಲ್ಲ. ನಿನ್ನ ಕಾಗದವನ್ನು ಆಸ್ಪತ್ರೆಯ ಅಂಗಳದಲ್ಲಿ ಓದಿ ಒದ್ದೆ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟಳು. "ಅಪ್ಪ, ಮಗಳು, ಮೊಮ್ಮಗಳು. ಒಬ್ಬರಿಗಿಂತ ಒಬ್ಬರು ಚೆನ್ನಾಗಿದ್ದೀವಿ" ಅಂದಳು. ಆಮೇಲೆ, "ಕಳಿಸು, ಎಲ್ಲ ಕಳಿಸು" ಅಂದಳು.

ಇದರ ಜೊತೆ ಅಂಚೆಗೆ ಹಾಕದ ಕಾಗದಗಳಿವೆ. ತಾರೀಖಿನಂತೆ ಜೋಡಿಸಿದ್ದೇನೆ. ಕೂತುಕೊಂಡು ಓದು. ರೈಲಿನವರನ್ನು ಪಕ್ಕದಲ್ಲಿ ಕೂರಿಸಿಕೊ. ಮನೆ ಕೆಡವಿಸಿದ್ದು ನಾನು ಅಂತ ಅದರಲ್ಲಿದೆ. ಆ ಒಂದು ವಿಷಯಕ್ಕೆ ಕ್ಷಮೆ ಕೇಳುವುದಿಲ್ಲ. ಉಳಿದದ್ದಕ್ಕೆ ಕೇಳುತ್ತೇನೆ.

ಈ ಸಲ ಇಲ್ಲಿನ ಅಂಚೆ ಡಬ್ಬಿಗೇ ಹಾಕುತ್ತಿದ್ದೇನೆ. ಮುದ್ರೆ ಬೇರೆ ಇರುತ್ತದೆ.

ಮುಳ್ಳು


ಅಕ್ಟೋಬರ್ 3

ತಾತ,

ಹನ್ನೊಂದು ದಿನವಾಯಿತು. ಬೈಯಲಿಕ್ಕಾದರೂ ಒಂದು ಕಾರ್ಡು ಹಾಕು. ಅಮ್ಮ ಕಚೇರಿಗೆ ಫೋನು ಮಾಡಿದರೆ "ಇದ್ದಾರೆ, ಮಾತಾಡ್ತಿಲ್ಲ" ಅಂದರು. ಇಬ್ಬರಿಗೂ ಕೆಲಸದಲ್ಲಿ ಕೈ ಓಡುತ್ತಿಲ್ಲ. ನಿನ್ನೆ ನಾನು ಮಡಿಸಿದ್ದನ್ನೆಲ್ಲ ಮೇಲ್ವಿಚಾರಕಿ ಬಿಚ್ಚಿ ಮತ್ತೆ ಮಡಿಸಿದಳು.

ಮುಳ್ಳು


ಅಕ್ಟೋಬರ್ 9

ಮುಳ್ಳು,

ಇದ್ದೇನೆ.

ಕಟ್ಟು ಬಂದ ದಿನ ಒಂದೊಂದಾಗಿ ಓದಿದೆ. ಮೆಟ್ಟಿಲು ಅರ್ಧ ಗಂಟೆ ಒಂಟಿಯಾಗಿ ನಿಂತಿತ್ತು ಅನ್ನುವಲ್ಲಿಗೆ ಬಂದು ಮಡಿಸಿಟ್ಟೆ. ಆ ಮಧ್ಯಾಹ್ನ ಒಂದು ಗಂಟೆಗೆ ಎಲ್ಲರ ಹಾಗೆ ಮಲಗಿ ಕಣ್ಣು ಮುಚ್ಚಿದೆ. ಎಣಿಸಲು ಏನೂ ಇರಲಿಲ್ಲ. ಉಸಿರು ಸಿಕ್ಕಿಕೊಂಡಿತು, ಡಾಕ್ಟರಮ್ಮ ಓಡಿ ಬಂದಳು. ನಾಲ್ಕು ದಿನ ಮೂಗಿಗೆ ನಳಿಗೆ ಹಾಕಿದ್ದರು. ಹೇಳಬಾರದು ಅಂದದ್ದು ಸುಮ್ಮನೆ ಅಲ್ಲ. ಆದರೂ ನೀನು ಹೇಳಿದ್ದು ತಪ್ಪು ಅನ್ನುವುದಿಲ್ಲ. ನೀನು ಬರೆಯದಿದ್ದರೆ ನೀವಿಬ್ಬರೂ ಅದರ ಕೆಳಗೆ ಇದ್ದೀರಿ ಅಂತಲೇ ನಾನು ಆ ನಾಲ್ಕು ದಿನ ಕಳೆಯುತ್ತಿದ್ದೆ. ಅದಕ್ಕೆ ಯಾವ ನಳಿಗೆಯೂ ಸಾಲುತ್ತಿರಲಿಲ್ಲ.

ಮೂರು ವರ್ಷ ಆ ಗೋಡೆಗೆ ಬೆನ್ನು ಕೊಟ್ಟು ನಿಂತ ಹಾಗಿತ್ತು. ಈಗ ಬೆನ್ನು ತೆಗೆದಿದ್ದೇನೆ, ಹಿಂದೆ ಗೋಡೆಯೇ ಇಲ್ಲ. ದಣಿವು ಹೋಯಿತು ಅನ್ನಲಾರೆ. ಅದು ಜಾಗ ಬದಲಾಯಿಸಿದೆ, ಅಷ್ಟೇ.

ಪಕ್ಕದ ಮಂಚದವರು ಎಲ್ಲ ಕೇಳಿಸಿಕೊಂಡು, "ಹಾಗಾದರೆ ನಾನಿಷ್ಟು ದಿನ ಸೀಟಿ ಹಾಕಿದ್ದು ಇಲ್ಲದ ಮೆಟ್ಟಿಲ ಮೇಲಾ?" ಅಂದರು. ನಗು ಬಂತು. ನಕ್ಕದ್ದಕ್ಕೆ ಮತ್ತೆ ಕೆಮ್ಮಿದೆ.

ಕೆಡವಿಸಿದ್ದಕ್ಕೆ ನೀನು ಕ್ಷಮೆ ಕೇಳಬೇಡ. ಕೇಳಿದ್ದರೆ ನಿನ್ನನ್ನು ಮುಳ್ಳು ಅನ್ನುವುದನ್ನು ಬಿಡುತ್ತಿದ್ದೆ.

ಇಪ್ಪತ್ತಕ್ಕೇ ಬಿಡುತ್ತಾರೆ. ಬರಲು ಭಯವಾಗುತ್ತಿದೆ. ಆ ಕೋಣೆಯಲ್ಲಿ ನನಗೆ ಯಾವ ಕಡೆ ಬಾಗಿಲು ಅಂತಲೂ ಗೊತ್ತಿಲ್ಲ. ಅದು ಹೇಗಿದೆ ಬರಿ. ಚೆನ್ನಾಗಿದೆ ಅಂತ ಬರೆಯಬೇಡ.

ತಾತ


ಅಕ್ಟೋಬರ್ 14

ತಾತ,

ಚೆನ್ನಾಗಿಲ್ಲ.

ಮೆಟ್ಟಿಲು ನಲವತ್ತೆರಡು. ಯಾವುದೂ ಕೀರ್ ಅನ್ನುವುದಿಲ್ಲ, ಸಿಮೆಂಟು. ಕಂಬಿ ಬಲಗಡೆಗಿದೆ, ನಿನ್ನ ಎಡಗೈ ಅಭ್ಯಾಸಕ್ಕೆ ಒಗ್ಗುವುದಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಒಂದು ಸ್ಟೂಲು ಇಟ್ಟಿದ್ದೇನೆ. ಕೆಳಮನೆಯವಳು "ಇದೇನು, ದಾರಿಗಡ್ಡ?" ಅಂದಳು. "ನಮ್ಮ ತಾತನ ಉಸಿರಿಗೆ" ಅಂದೆ. ಮಾರನೇ ದಿನ ನೋಡಿದರೆ ಅದರ ಮೇಲೊಂದು ಮೆತ್ತೆ ಇಟ್ಟಿದ್ದಳು.

ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಬಂದ ಕೂಡಲೇ ಎಡಕ್ಕೆ ನಿನ್ನ ಮಂಚ, ಏಳು ಹೆಜ್ಜೆ. ದೀಪದ ಗುಂಡಿ ನಾವು ಹುಡುಕುವ ಕಡೆ ಇಲ್ಲ. ನಾನೂ ಅಮ್ಮನೂ ದಿನಾ ಬರಿ ಗೋಡೆ ತಡಕುತ್ತೇವೆ. ಒಂದೇ ಕಿಟಕಿ, ಕಾರ್ಖಾನೆಯ ಗೋಡೆಗೆ ಮುಖ ಮಾಡಿದೆ. ಬಿಸಿಲು ಇನ್ನೂ ಎಲ್ಲಿ ಬೀಳುತ್ತದೆ ಅಂತ ನೋಡಿಲ್ಲ, ಬೀಳುತ್ತದೋ ಇಲ್ಲವೋ. ಗಾಳಿಯಲ್ಲಿ ರಟ್ಟಿನ ವಾಸನೆ ಇರುತ್ತದೆ. ಮೂರು ತಿಂಗಳಾದರೂ ಈ ಕೋಣೆ ನನಗೂ ಬಾಯಿಪಾಠವಾಗಿಲ್ಲ.

ನಿನ್ನ ಮೇಜನ್ನು ಮಗ್ಗುಲಾಗಿಸಿ ನೋಡಿದೆ. ಎಡಗಾಲುಗಳ ಕೆಳಗೆ ಸಣ್ಣ ಮೊಳೆ ಹೊಡೆದು ತಗಡು ಕೂರಿಸಿದ್ದೀಯ. ಮೇಲಿನವು ಹೊಸವು, ಒಳಗಿನವು ತುಕ್ಕು ಹಿಡಿದಿದ್ದವು. ನಿನ್ನ ಇಕ್ಕಳದಿಂದಲೇ ಒಂದೊಂದಾಗಿ ಕಿತ್ತೆ. ಒಂದೊಂದು ಕಾಲಿಗೆ ಹನ್ನೊಂದು. ಇಷ್ಟು ನಾಜೂಕಾಗಿ ಸುಳ್ಳು ಹೇಳಲು ನಿನಗೆ ಎಷ್ಟು ಹೊತ್ತು ಬೇಕಾಗಿತ್ತೋ ಅಂತ ಅನ್ನಿಸಿತು. ಸಿಟ್ಟೂ ಬಂತು, ಅದನ್ನೂ ಬರೆದುಬಿಡುತ್ತೇನೆ. ಮಲಗಿದ್ದಾಗ ನಮ್ಮ ಮೇಲೆ ಬಿದ್ದಿದ್ದರೆ ಅಂತ ಅಮ್ಮ ಎರಡು ರಾತ್ರಿ ಎದ್ದೆದ್ದು ಈ ಕೋಣೆಯ ಗೋಡೆ ಮುಟ್ಟಿ ನೋಡಿದಳು. ನೀನು ಬಂದ ಮೇಲೆ ಅವಳು ಕೇಳುತ್ತಾಳೆ. ಕೇಳಿದಾಗ ಕೆಮ್ಮಿ ತಪ್ಪಿಸಿಕೊಳ್ಳಬೇಡ.

ತಗಡು ತೆಗೆದ ಮೇಲೆ ಮೇಜು ಸಮವಾಗಿ ನಿಂತಿತು. ಪೆನ್ಸಿಲ್ ಇಟ್ಟೆ. ಇಟ್ಟಲ್ಲೇ ಇದೆ.

ಗುಂಡನ್ನು ಟ್ರಂಕಿನಿಂದ ತೆಗೆದು ಸೂರಿನ ಕೊಕ್ಕೆಗೆ ಕಟ್ಟಿದ್ದೇನೆ. ಹೊಸ ದಾರ. ಅದರ ಮೂತಿಯ ಕೆಳಗೆ ಸಿಮೆಂಟಿನಲ್ಲಿ ಮೊಳೆಯಿಂದ ಒಂದೇ ಒಂದು ಗೀರು ಎಳೆದೆ. ಮನೆ ಮಾಲೀಕರು ಬೈದರು, ಬೈಸಿಕೊಂಡೆ.

ಈಗ ಎಲ್ಲಿದೆ ಅಂತ ನಾನು ಬರೆಯುವುದಿಲ್ಲ. ನೀನು ಬಂದ ಮೇಲೆ ಸೋಮವಾರ ಬೆಳಿಗ್ಗೆ ನೀನೇ ನೋಡು, ನೆಲಕ್ಕೆ ಕೆನ್ನೆ ಇಟ್ಟು. ಏಳುವಾಗ ಕೈ ಹಿಡಿದು ಎತ್ತುತ್ತೇನೆ.

ಮುಳ್ಳು